ಷಡ್ರಂಧ್ರ ಮೀಮಾಂಸೆ: ಹಳೆಯ ರಿವಾಲ್ವರಿನ ನ್ಯಾಯಬೆಲೆ ಕುರಿತ ಅಪೂರ್ಣ ಮಹಾಪ್ರಬಂಧ

ಶಾಸ್ತ್ರಗ್ರಂಥ ಬರೆಯುವವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಕೊಳ್ಳಬೇಕು ಎಂಬುದು ಹಿಂದಿನವರ ಕಟ್ಟಳೆ. ವಿಷಯ: ಬೇರೆಯವರು ಬಳಸಿ ಬಿಟ್ಟ, ಈಗ ಸಂಗ್ರಹಕಾರರು ಬೆನ್ನುಹತ್ತಿರುವ ರಿವಾಲ್ವರಿನ ನ್ಯಾಯಬೆಲೆ. ಪ್ರಯೋಜನ: ನನ್ನ ಅಳಿಯ ಟೋಪಿ ಹಾಕಿಸಿಕೊಳ್ಳದಿರುವುದು. ಸಂಬಂಧ: ಮಗಳನ್ನು ಕೊಟ್ಟಿದ್ದರಿಂದ ಒದಗಿದ್ದು. ತೊಡಕಿರುವುದು ನಾಲ್ಕನೆಯದರಲ್ಲಿ. ನಾನು ಅಮೆರಿಕಕ್ಕೆ ಬಂದಿರುವುದು ಆರು ತಿಂಗಳ ವಿಸಿಟರ್ ವೀಸಾದಲ್ಲಿ. ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, ಹಾಗೆ ಬಂದವನು ಬಂದೂಕನ್ನು ಹೊಂದಿರುವಂತಿಲ್ಲ ಎಂದು ಇಲ್ಲಿನ ಕೇಂದ್ರ ಸರ್ಕಾರದ ಕಾನೂನು ಹೇಳುತ್ತದೆ. ‘ಹೊಂದುವುದು’ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ವಕೀಲರೇ ಜಗಳವಾಡುವುದರಿಂದ, “ಮಾವ, ನೀವು ಮುಟ್ಟಲೇಬೇಡಿ” ಎಂದು ಅಳಿಯ ಕಾರಿನಲ್ಲೇ ಮಾತು ತೆಗೆದುಕೊಂಡಿದ್ದ. ಹೀಗಾಗಿ ಈ ಪ್ರಬಂಧ ಗರ್ಭಗುಡಿಯ ಹೊರಗೆ ಕೈಕಟ್ಟಿ ನಿಂತವನ ಪ್ರಬಂಧ. ಕೈಗೆ ಮಸಿ ಹತ್ತದ ಪಾಂಡಿತ್ಯವೇ ಶುದ್ಧ ಪಾಂಡಿತ್ಯ ಎಂದು ನಲವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಇದು ಕೊರತೆ ಎಂದು ಅನಿಸಲೂ ಇಲ್ಲ. ಬಾಲ್ಯದಲ್ಲಿ ನಾನು ಬಯಸಿದ ಒಂದೇ ಒಂದು ಆಯುಧ ದೀಪಾವಳಿಯ ಕೇಪಿನ ಪಿಸ್ತೂಲು. ಅದರ ಮೌಲ್ಯನಿರ್ಣಯವನ್ನು ನಮ್ಮಪ್ಪ ಅಂಗಡಿಯ ಮುಂದೆ ಒಂದೇ ಮಾತಿನಲ್ಲಿ ಮುಗಿಸಿದ್ದರು: “ನಡಿ.”

ಇನ್ನು ಪದವಿಚಾರ. ಕನ್ನಡದಲ್ಲಿ ‘ನ್ಯಾಯಬೆಲೆ’ ಎಂಬ ಮಾತು ಒಂಟಿಯಾಗಿ ಬದುಕಿದ್ದೇ ಇಲ್ಲ, ಅದರ ಬೆನ್ನಿಗೆ ಯಾವಾಗಲೂ ‘ಅಂಗಡಿ’ ಅಂಟಿಕೊಂಡಿರುತ್ತದೆ. ಆ ಅಂಗಡಿಯ ಮುಂದೆ ಚೀಲ, ಕಾರ್ಡು, ಸೀಮೆಎಣ್ಣೆ ಡಬ್ಬ ಹಿಡಿದು ನಿಂತ ನನ್ನ ತಲೆಮಾರಿಗೆ ಒಂದು ವ್ಯಾಪ್ತಿ ಚೆನ್ನಾಗಿ ಗೊತ್ತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬೆಲೆ ಖಚಿತವಾಗಿರುವ ಕಡೆ ಸರಕು ಬಂದಿರುವುದಿಲ್ಲ. ಇದರ ತಿರುಗುಮುರುಗನ್ನು ನಾನು ಡಲ್ಲಾಸ್ ಹತ್ತಿರದ ಒಂದು ಗನ್ ಷೋದಲ್ಲಿ ಕಂಡೆ. ಮದುವೆ ಛತ್ರದ ಊಟದ ಹಾಲಿನಂತೆ ಸಾಲು ಸಾಲು ಮೇಜು, ಮೇಜಿನ ತುಂಬ ಸರಕು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಬೆಲೆಚೀಟಿ. ಆದರೆ ಆ ಚೀಟಿಯನ್ನು ಬರೆದವನೂ ನಂಬುವುದಿಲ್ಲ, ಓದಿದವನೂ ನಂಬುವುದಿಲ್ಲ. ಬೆಲೆ ಮತ್ತು ಸರಕು ಏಕಕಾಲಕ್ಕೆ ಒಂದೇ ಕಡೆ ಇರಲಾರವು ಎಂಬುದು ನನ್ನ ಮೊದಲ ಸಿದ್ಧಾಂತ.

ಪ್ರಸಂಗ ಹೀಗಿತ್ತು. ಅಳಿಯ ಸಾಫ್ಟ್‌ವೇರಿನವನು, ಗ್ರೀನ್ ಕಾರ್ಡಿಗೆ ಹದಿನಾಲ್ಕು ವರ್ಷ ಕಾದವನು. ರಾಮ ಅಷ್ಟೇ ವರ್ಷ ಕಾಡಿನಲ್ಲಿ ಕಳೆದದ್ದು ಬಿಲ್ಲು ಹಿಡಿದುಕೊಂಡು. ಇವನಿಗೆ ಆ ಸೌಲಭ್ಯವೂ ಇರಲಿಲ್ಲ, ಏಕೆಂದರೆ ಎಚ್-1ಬಿ ವೀಸಾದವರಿಗೂ ನನಗಿರುವ ನಿರ್ಬಂಧವೇ. ಕಾರ್ಡು ಬಂತು, ನಿರ್ಬಂಧ ಕಳಚಿತು. ಕಾಲೇಜು ದಿನಗಳಲ್ಲಿ ನೋಡಿದ್ದ, 1971ರ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದಿದ್ದ ಸ್ಮಿತ್ ಅಂಡ್ ವೆಸನ್ ಮಾಡೆಲ್ 29 ಅವನ ಎದೆಯಲ್ಲಿ ಕುಳಿತಿತ್ತು. ಆ ಸಿನಿಮಾ ಬಂದ ಮೇಲೆ ಅದಕ್ಕೆ ಜನ ಮುಗಿಬಿದ್ದರು. ಇವತ್ತಿಗೂ ಅದರ ಬೆಲೆ ಇಳಿದಿಲ್ಲ. ಆದ್ದರಿಂದ ಅಳಿಯ ದೊಡ್ಡಣ್ಣನನ್ನು ಬಿಟ್ಟು ತಮ್ಮನಿಗೆ ಇಳಿದ. ಮೇಜಿನ ಮೇಲಿದ್ದದ್ದು ಅದೇ ಕಂಪನಿಯ ಮಾಡೆಲ್ 19-3, ನಾಲ್ಕಿಂಚಿನ ನಳಿಗೆ, ನೀಲಿ ಉಕ್ಕು, ಆಕ್ರೋಟು ಮರದ ಹಿಡಿ. ಚೀಟಿಯಲ್ಲಿ 1,150 ಡಾಲರು, ಅದರ ಕೆಳಗೆ ‘ತಾತನ ಗನ್ನು’ ಎಂಬರ್ಥದ ಒಂದು ಸಾಲು. ಮೇಜಿನ ಹಿಂದೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತ ಕೂತಿದ್ದವನಿಗೇ ಎಪ್ಪತ್ತೈದು ದಾಟಿತ್ತು. ಅವನ ತಾತ ಇದನ್ನು ಹಿಡಿದಿದ್ದರೆ ಯಾವ ವಯಸ್ಸಿನಲ್ಲಿ ಹಿಡಿದಿರಬಹುದು ಎಂಬ ಕಾಲನಿರ್ಣಯದ ಸಮಸ್ಯೆ ಅಲ್ಲಿಯೇ ಹುಟ್ಟಿಕೊಂಡಿತು. ಅದಕ್ಕೆ ಮುಂದೆ ಬರುತ್ತೇನೆ.

ಸಿಲಿಂಡರಿನಲ್ಲಿ ಆರು ರಂಧ್ರ. ಭಾಟ್ಟ ಮೀಮಾಂಸಕರು ಒಪ್ಪುವ ಪ್ರಮಾಣಗಳೂ ಆರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರಕ್ಕೆ ಅನರ್ಹರು. ಅವರು ಇಲ್ಲಿಂದಲೇ ಎದ್ದು ಹೋಗಬಹುದು.

ಪ್ರತ್ಯಕ್ಷಕ್ಕೆ ಮೊದಲೇ ಅಡ್ಡಿ ಎದುರಾಯಿತು. ಗನ್ ಷೋಗಳಲ್ಲಿ ಸುರಕ್ಷತೆಗೆಂದು ಬಂದೂಕಿನ ಒಡಲಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತಾರೆ. ಸಿಲಿಂಡರು ಮುಚ್ಚುವುದಿಲ್ಲ, ತಿರುಗುವುದಿಲ್ಲ. ಬಾಯಿಕುಕ್ಕೆ ಹಾಕಿದ ಎತ್ತಿನ ಹಲ್ಲು ಎಣಿಸಿದ ಹಾಗೆ. ಕೇಳಿದರೆ ಕತ್ತರಿಸಿ ಕೊಡುತ್ತಾರೆ, ಆದರೆ ಕೇಳುವ ಧ್ವನಿಯಲ್ಲೇ ಕೊಳ್ಳುವ ಆಸೆ ಬಯಲಾಗಿ ಬೆಲೆ ಅರ್ಧ ಹೆಜ್ಜೆ ಮೇಲೇರುತ್ತದೆ. ಅಳಿಯನ ಧ್ವನಿಯಲ್ಲಿ ಆಸೆ ಮಾತ್ರವಲ್ಲ, ಹದಿನಾಲ್ಕು ವರ್ಷವೂ ಇತ್ತು.

ಸಿಲಿಂಡರನ್ನು ಹೊರಕ್ಕೆ ಮಗುಚಿದಾಗ ಅದರ ತೋಳಿನ ಸಂದಿಯಲ್ಲಿ ‘ಮಾಡ್. 19-3’ ಎಂದು ಕೊರೆದಿರುವುದು ಕಾಣುತ್ತದೆ. ಇಲ್ಲಿ ಗ್ರಂಥಸಂಪಾದನ ಶಾಸ್ತ್ರ ಬಲ್ಲವನ ರೋಮ ಎದ್ದು ನಿಲ್ಲುತ್ತದೆ, ಏಕೆಂದರೆ ಆ ಅಡ್ಡಗೆರೆಯ ಮುಂದಿನ ಅಂಕಿ ಪಾಠಾಂತರದ ಅಂಕಿ. ಮೂಲಪಾಠ 1955ರದು, ಹೆಸರು ಕಂಬ್ಯಾಟ್ ಮ್ಯಾಗ್ನಮ್. 1957ರಲ್ಲಿ ಕಂಪನಿ ಹೆಸರುಗಳ ಬದಲು ಅಂಕಿ ಕೊಡಲು ಶುರುಮಾಡಿ ಇದನ್ನು 19 ಎಂದಿತು. 1961ಕ್ಕೆ 19-2, 1967ಕ್ಕೆ 19-3, 1977ಕ್ಕೆ 19-4, 1982ಕ್ಕೆ 19-5. ನಮ್ಮ ಲಿಪಿಕಾರರು ಓಲೆಗರಿ ನಕಲು ಮಾಡುವಾಗ ನಿದ್ದೆಗಣ್ಣಿನಲ್ಲಿ ಅಕ್ಷರ ಬಿಡುತ್ತಿದ್ದರು. ಕಂಪನಿಯ ಕಾರ್ಖಾನೆಯಿದ್ದ ಸ್ಪ್ರಿಂಗ್‌ಫೀಲ್ಡಿನ ಲಿಪಿಕಾರರು ಪೂರ್ತಿ ಎಚ್ಚರವಿದ್ದು, ಖರ್ಚಿನ ಲೆಕ್ಕ ಹಾಕಿ, ಸ್ಕ್ರೂ ಬಿಟ್ಟರು. 1955ರ ಹೊತ್ತಿನವರೆಗೆ ಚೌಕಟ್ಟಿಗೆ ಐದು ಸ್ಕ್ರೂ ಇತ್ತು, ಆಮೇಲೆ ನಾಲ್ಕು, 1961ರ ನಂತರ ಮೂರು. ಐದು ಸ್ಕ್ರೂವಿನದು ಕೈಗೆ ಬಂದರೆ ಸಂಗ್ರಹಕಾರ ಅದನ್ನು ಹಳಗನ್ನಡದ ಪ್ರತಿಯಂತೆ ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಸ್ಕ್ರೂ ಸಡಿಲವಾದ ಮನುಷ್ಯನಿಗೆ ಹೆಚ್ಚು ಸ್ಕ್ರೂ ಇರುವ ವಸ್ತುವಿನ ಮೇಲೆ ಮೋಹ ಎಂದು ಮಗಳು ಹೇಳಿದ್ದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

1982ರಲ್ಲಿ ನಡೆದದ್ದು ಇದಕ್ಕಿಂತ ದೊಡ್ಡ ಅನಾಹುತ. ಅಲ್ಲಿಯವರೆಗೆ ನಳಿಗೆಯನ್ನು ಚೌಕಟ್ಟಿಗೆ ತಿರುಪಿ ಕೂರಿಸಿದ ಮೇಲೂ ಒಂದು ಸಣ್ಣ ಪಿನ್ನನ್ನು ಅಡ್ಡಲಾಗಿ ಹೊಡೆಯುತ್ತಿದ್ದರು. ಮ್ಯಾಗ್ನಮ್ ಮಾದರಿಗಳಲ್ಲಿ ತೋಟಾಗಳ ಅಂಚು ಒಳಗೆ ಅಡಗುವಂತೆ ಸಿಲಿಂಡರಿನ ಹಿಂಬದಿಯಲ್ಲಿ ತಗ್ಗು ಕೊರೆಯುತ್ತಿದ್ದರು. ಎರಡನ್ನೂ ಕೈಬಿಟ್ಟರು. ಪಿನ್ ಇಲ್ಲದ ನಳಿಗೆಯೂ ತಿರುಪಿನ ಬಲದಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತದೆ, ಗುಂಡು ಮೊದಲಿನಂತೆಯೇ ಹೋಗುತ್ತದೆ. ಆದರೂ ಪಿನ್ ಇರುವುದಕ್ಕೆ ಒಂದು ಬೆಲೆ, ಇಲ್ಲದ್ದಕ್ಕೆ ಇನ್ನೊಂದು. ಇದನ್ನು ಕೇಳಿ ನನಗೆ ಊರಿನ ನೆನಪಾಯಿತು. ಮುತ್ತಜ್ಜಿಯ ಕಾಲದ ತೊಲೆಬಾಗಿಲಿನ ಅಗುಳಿ ಯಾವ ಕಳ್ಳನನ್ನೂ ತಡೆದದ್ದಿಲ್ಲ, ಆದರೆ ಅದನ್ನು ಕಿತ್ತು ಬೋಲ್ಟು ಹಾಕಿಸಿದ ದೊಡ್ಡಪ್ಪನನ್ನು ಮನೆಯವರು ಇವತ್ತಿಗೂ ಕ್ಷಮಿಸಿಲ್ಲ.

ಅನುಮಾನ ಪ್ರಮಾಣ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ತರ್ಕಶಾಸ್ತ್ರದ ಪಾಠದಲ್ಲಿ ಹೊಗೆ ಕಂಡರೆ ಬೆಂಕಿ ಉಂಟು ಎಂಬ ಉದಾಹರಣೆಯನ್ನು ಒಂದು ಕಾಲ್ಪನಿಕ ಬೆಟ್ಟದ ಮೇಲೆ ಇಟ್ಟು ಇಷ್ಟು ವರ್ಷ ತಳ್ಳಿದ್ದೆವು. ರಿವಾಲ್ವರಿನಲ್ಲಿ ಅದು ಅಕ್ಷರಶಃ ನಿಜ. ಸಿಲಿಂಡರಿನ ಮುಂಬದಿಯಲ್ಲಿ ಆರು ರಂಧ್ರಗಳ ಸುತ್ತ ಕಪ್ಪು ಉಂಗುರವಿದ್ದರೆ ಒಳಗೆ ಬೆಂಕಿ ಆಗಿಹೋಗಿದೆ. ಹಾಗೆಯೇ ಸಿಲಿಂಡರಿನ ಸೊಂಟದ ಸುತ್ತ ನೀಲಿ ಸವೆದು ಬೆಳ್ಳಗೆ ಕಾಣುವ ಗೆರೆ. ಅದು ಸಿಲಿಂಡರನ್ನು ತಡೆದು ನಿಲ್ಲಿಸುವ ಸಣ್ಣ ಮೊಳೆ ಉಜ್ಜಿದ ಗುರುತು. ತಿರುಗಿದಷ್ಟೂ ಗೆರೆ ದಪ್ಪ. ಸ್ಕ್ರೂವಿನ ತಲೆ ಕಚ್ಚುಕಚ್ಚಾಗಿದ್ದರೆ ಯಾರೋ ಭಾನುವಾರ ಮಧ್ಯಾಹ್ನ ಅಡಿಗೆಮನೆಯ ಮೇಜಿನ ಮೇಲೆ ಇದನ್ನು ಬಿಚ್ಚಿದ್ದಾರೆ ಎಂದರ್ಥ. ಬಿಚ್ಚಿದವರು ಜಗತ್ತಿನ ಎಲ್ಲೆಡೆ ಒಂದೇ ಜಾತಿ. ನಮ್ಮ ರೇಡಿಯೋ ಬಿಚ್ಚಿದ ಚಿಕ್ಕಪ್ಪನಿಗೂ ಒಂದು ಸ್ಪ್ರಿಂಗು ಮಿಕ್ಕಿತ್ತು.

ಅಳಿಯ ಹ್ಯಾಮರನ್ನು ನಿಧಾನಕ್ಕೆ ಹಿಂದಕ್ಕೆಳೆದು ಒಂದೊಂದೇ ರಂಧ್ರವನ್ನು ಪರೀಕ್ಷಿಸಿದ (ಮಲೆನಾಡಿನ ಕೋವಿಯವರು ಕುದುರೆ ಎನ್ನುವುದು ಈ ಹ್ಯಾಮರನ್ನೇ). ಹ್ಯಾಮರು ಪೂರ್ತಿ ಹಿಂದೆ ಬಂದು ನಿಲ್ಲುವುದರೊಳಗೆ ಸಿಲಿಂಡರು ‘ಟಕ್’ ಎಂದು ತನ್ನ ಜಾಗದಲ್ಲಿ ಕೂರಬೇಕು. ತಡವಾದರೆ ಒಳಗಿನ ಕೈ ಸವೆದಿದೆ. ತಾಳಕ್ಕೂ ಮೃದಂಗಕ್ಕೂ ಇರಬೇಕಾದ ನಂಟು ಇದು. ಐದು ರಂಧ್ರ ಸಮಕ್ಕೆ ಬಂದವು, ಆರನೆಯದು ಒಂದು ಅಕ್ಷರಕಾಲ ಎಳೆಯಿತು. ನಂತರ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ತೆಳು ಲೋಹದ ಎಸಳು ತೂರಿಸಿ ಅಳೆದ. ಒಂದಿಂಚಿನ ಸಾವಿರದಲ್ಲಿ ಆರು ಭಾಗ. ಕೂದಲು ಸೀಳುವುದು ಎಂಬ ಮಾತನ್ನು ನಾನು ಪಂಡಿತರ ಬಗ್ಗೆ ಮಾತ್ರ ಕೇಳಿದ್ದೆ. ಕೊನೆಗೆ ನಳಿಗೆಯ ಹಿಂಬಾಯಿ. ಈ ಮಾದರಿಯಲ್ಲಿ ಆ ಬಾಯಿಯ ಕೆಳತುಟಿಯನ್ನು ಜಾಗ ಸಾಲದೆ ಚಪ್ಪಟೆಯಾಗಿ ಕೆತ್ತಿರುತ್ತಾರೆ. ಹಗುರವಾದ, ವೇಗದ 125 ಗ್ರೇನಿನ ಮ್ಯಾಗ್ನಮ್ ಗುಂಡುಗಳನ್ನು ಎಡೆಬಿಡದೆ ಹಾರಿಸಿದರೆ ಸೀಳುವುದು ಅಲ್ಲೇ. ಸೀಳಿದ್ದರೆ ಬೆಲೆ ಮಾತಾಡುವುದೇ ಬೇಡ. ಸೀಳಿರಲಿಲ್ಲ. ಫ್ಲಾಸ್ಕಿನವನು ಕಾಫಿ ಹೀರಿದ.

ಅರ್ಥಾಪತ್ತಿ ಎಂದರೆ ದೇವದತ್ತನ ಕಥೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಈ ರಿವಾಲ್ವರಿನ ನಳಿಗೆಯ ತುದಿಯಲ್ಲಿ ನೀಲಿ ಪೂರ್ತಿ ಸವೆದಿತ್ತು, ಹಿಡಿಯ ಮರದ ಮೇಲೆ ಗೋಡೆಗೆ, ಕಾರಿನ ಬಾಗಿಲಿಗೆ ಬಡಿದ ಕಚ್ಚುಗಳು. ಒಳಗೆ ಮಾತ್ರ ಹೆಚ್ಚುಕಡಿಮೆ ಹೊಸದು. ಹೊರಗೆ ಮುದುಕ, ಒಳಗೆ ಹುಡುಗ. ಎರಡೂ ಹೊಂದಬೇಕಾದರೆ ಒಂದೇ ದಾರಿ: ಇದು ಯಾವನೋ ಪೊಲೀಸನ ಸೊಂಟದ ಚರ್ಮದ ಚೀಲದಲ್ಲಿ ಹದಿನೈದಿಪ್ಪತ್ತು ವರ್ಷ ಕೂತು ಎದ್ದು ತಿರುಗಾಡಿದೆ, ಕೆಲಸ ಮಾತ್ರ ಮಾಡಿಲ್ಲ. ಇಲಾಖೆಯವರು ಹೊಸ ಪಿಸ್ತೂಲು ಕೊಂಡಾಗ ಮಾರಾಟಕ್ಕೆ ಬಂದ ಇಂಥವು ಅಮೆರಿಕದಲ್ಲಿ ಬೇಕಾದಷ್ಟಿವೆ. ಸರ್ಕಾರಿ ಸೇವೆಯಲ್ಲಿ ಹೊರಗೆ ಸವೆದು ಒಳಗೆ ಹೊಸದಾಗಿ ಉಳಿದವರನ್ನು ನಾನೂ ಕಂಡಿದ್ದೇನೆ, ಅವರಿಗೂ ಪಿಂಚಣಿ ಪೂರ್ತಿ ಬರುತ್ತದೆ.

ಇಲ್ಲೊಂದು ಪೂರ್ವಪಕ್ಷ ಎತ್ತಲೇಬೇಕು, ಏಕೆಂದರೆ ಇದು ನಮ್ಮಪ್ಪನದು. ಅವರು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ನನ್ನನ್ನು ಎರಡು ಸಲ ಕರೆದುಕೊಂಡು ಹೋಗಿದ್ದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈ ಮೇಲಿನ ಸುಳಿ ನೋಡುವುದು, ನಡೆಸಿ ನೋಡುವುದು ಎಲ್ಲ ಆದ ಮೇಲೆ ಅಪ್ಪ ಅದರ ಹೆಗಲ ಮೇಲೆ ಕೈಯಿಟ್ಟು ನೊಗ ಉಜ್ಜಿ ಜಡ್ಡುಗಟ್ಟಿದ ಜಾಗವನ್ನು ಸವರುತ್ತಿದ್ದರು. ಜಡ್ಡಿದ್ದರೆ ಪಳಗಿದ ಎತ್ತು, ಬೆಲೆ ಹೆಚ್ಚು. ಇಲ್ಲದಿದ್ದರೆ ಮೇವು ತಿಂದು ನಿಂತದ್ದು. ಜಾತ್ರಾ ಸಂಪ್ರದಾಯದ ಈ ಸೂತ್ರವನ್ನು ನಾನು ಅಳಿಯನಿಗೆ ಹೇಳಿದೆ: ಗೆರೆ ದಪ್ಪಗಿರುವುದನ್ನೇ ತಗೊಳ್ಳಿ, ಕೆಲಸ ಬಲ್ಲದ್ದು. ಅವನು ನನ್ನನ್ನು ದಿಟ್ಟಿಸಿ ನೋಡಿದ. ಸಂಗ್ರಹಕಾರರ ಶಾಸ್ತ್ರದಲ್ಲಿ ದುಡಿದ ಪ್ರತಿ ದಿನಕ್ಕೂ ಒಂದಿಷ್ಟು ಕಡಿತ. ಯಾವುದು ತಾನು ಹುಟ್ಟಿದ ಕೆಲಸವನ್ನು ಒಮ್ಮೆಯೂ ಮಾಡಿಲ್ಲವೋ ಅದೇ ಶ್ರೇಷ್ಠ. ಉಳದ ಎತ್ತು, ಬರೆಯದ ಪೆನ್ನು, ಹೊಡೆಯದ ಗನ್ನು. ಅಪ್ಪ ಇದ್ದಿದ್ದರೆ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಮುಂದಿನ ಮೇಜಿಗೆ ಹೋಗುತ್ತಿದ್ದರು.

ಸವೆದದ್ದನ್ನು ಹೊಸದಾಗಿ ಬಣ್ಣ ಕಟ್ಟಿಸಿದರೆ? ಇದು ಇನ್ನೂ ಘೋರ. ಹಳೆಯ ಉಕ್ಕನ್ನು ಉಜ್ಜಿ ಮತ್ತೆ ನೀಲಿ ಕೊಟ್ಟರೆ ಅಂಚುಗಳು ಬೆಣ್ಣೆಯಂತೆ ದುಂಡಗಾಗುತ್ತವೆ, ಕೊರೆದ ಅಕ್ಷರ ಮಸುಕಾಗುತ್ತವೆ, ಸ್ಕ್ರೂ ಕೂರುವ ತೂತಿನ ಸುತ್ತ ತಗ್ಗು ಬೀಳುತ್ತದೆ. ಈ ಕಂಪನಿಯ ಹ್ಯಾಮರಿಗೂ ಟ್ರಿಗರಿಗೂ ಕಾರ್ಖಾನೆಯಲ್ಲಿ ಕೊಡುವುದು ಬೇರೆಯೇ ಕಂದು-ಬೂದು ಛಾಯೆ. ಅವೂ ನೀಲಿಯಾಗಿದ್ದರೆ ಕಳ್ಳ ಸಿಕ್ಕಿಬಿದ್ದ. ಮಾಸಿದ ಮೂಲ ಬಣ್ಣಕ್ಕೆ ಫಳಫಳಿಸುವ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ. ಇದನ್ನು ಮಾತ್ರ ನಾನು ತಲೆಬಾಗಿ ಒಪ್ಪಿದೆ. ಶಾಸನದ ಕಲ್ಲಿಗೆ ಸುಣ್ಣ ಬಳಿದು, ದ್ವಾರಪಾಲಕರ ತುಟಿಗೆ ಕೆಂಪು ಆಯಿಲ್ ಪೇಂಟು ಹಚ್ಚಿ, ಪಕ್ಕದಲ್ಲಿ ದಾನಿಗಳ ಹೆಸರಿನ ಗ್ರಾನೈಟು ನೆಟ್ಟು ಜೀರ್ಣೋದ್ಧಾರ ಎಂದು ಕರೆಯುವವರ ನಾಡಿನಿಂದ ಬಂದವನು ನಾನು. ನಮ್ಮ ದೇವಸ್ಥಾನ ಸಮಿತಿಗಳಿಗೆ ಒಬ್ಬೊಬ್ಬ ಗನ್ ಸಂಗ್ರಹಕಾರನನ್ನು ಸದಸ್ಯನಾಗಿ ನೇಮಿಸಬೇಕು.

ಇವರ ಮಡಿಯೂ ಕಡಿಮೆಯದಲ್ಲ. ಬರಿಗೈಯ ಬೆವರು ತಾಗಿದರೆ ನೀಲಿ ಉಕ್ಕು ತುಕ್ಕು ಹಿಡಿಯುತ್ತದೆಂದು, ಮುಟ್ಟಿದವನು ಕೆಳಗಿಟ್ಟ ಕೂಡಲೇ ಎಣ್ಣೆಬಟ್ಟೆಯಲ್ಲಿ ಒರೆಸುತ್ತಾರೆ. ಸಿನಿಮಾದಲ್ಲಿ ಮಾಡುವಂತೆ ಮಣಿಕಟ್ಟು ಕುಲುಕಿ ಸಿಲಿಂಡರು ಮುಚ್ಚಿದರೆ ತೋಳು ಬಾಗುತ್ತದೆ. ಹಾಗೆ ಮಾಡಿದವನ ಜೊತೆ ಮತ್ತೆ ಮಾತಿಲ್ಲ. ಆಯುಧಪೂಜೆಗೆ ಇದಕ್ಕೆ ಅರಿಶಿನ ಕುಂಕುಮ ಇಡಬಹುದೇ ಎಂದು ನನ್ನ ಹೆಂಡತಿ ಕೇಳಿದಾಗ ಅಳಿಯನ ಮುಖ ಬಿಳಿಚಿತು.

ಉಪಮಾನಕ್ಕೆ ಬರೋಣ. ಇಂಥದ್ದೇ ಇನ್ನೊಂದು ಎಷ್ಟಕ್ಕೆ ಹೋಯಿತು ಎಂದು ನೋಡುವುದು. ಇದಕ್ಕೆಂದೇ ‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಎಂಬ ದಪ್ಪ ಪುಸ್ತಕವಿದೆ, ಪಂಚಾಂಗದ ಹಾಗೆ ಹೊಸ ಹೊಸ ಆವೃತ್ತಿ ಬರುತ್ತದೆ. ಮೂಲ ಬಣ್ಣ ನೂರಕ್ಕೆ ಎಷ್ಟು ಉಳಿದಿದೆ ಎಂಬುದರ ಮೇಲೆ ಅದರ ಲೆಕ್ಕ: 100, 98, 95, 90, ಹೀಗೆ ಇಳಿಯುತ್ತದೆ. ನನಗೆ ಕಂಡ ವಿಚಿತ್ರವೆಂದರೆ 60ರಿಂದ 50ಕ್ಕೆ ಜಾರಿದರೆ ಯಾರೂ ಅಳುವುದಿಲ್ಲ, 100ರಿಂದ 98ಕ್ಕೆ ಜಾರಿದರೆ ಮನೆಯಲ್ಲಿ ಸೂತಕ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಬೀದಿಯಲ್ಲೂ ಇದೇ ಗಣಿತ ನಡೆಯುತ್ತದೆ. ಅಳಿಯನ ಪ್ರಕಾರ ಈ ರಿವಾಲ್ವರಿನಲ್ಲಿ ಉಳಿದದ್ದು 85. ಮಾರುವವನ ಪ್ರಕಾರ 95. ನನ್ನನ್ನು ಯಾರೂ ಕೇಳಲಿಲ್ಲ.

ಪುರಾತನ ಬಂದೂಕುಗಳಿಗೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಏಳು ದರ್ಜೆ ಬೇರೆ ಇವೆ. (ಪುರಾತನ ಎಂದರೆ ಕಾನೂನಿನ ಪ್ರಕಾರ 1898 ಮತ್ತು ಅದಕ್ಕೆ ಮುಂಚೆ ತಯಾರಾದದ್ದು. 1899ರ ಜನವರಿ 1ರಂದು ಹುಟ್ಟಿದ್ದು ಇನ್ನೂ ಹುಡುಗು ಬುದ್ಧಿಯದು.) ಮೇಲಿನಿಂದ ಕೆಳಕ್ಕೆ: ಫ್ಯಾಕ್ಟರಿ ನ್ಯೂ, ಎಕ್ಸಲೆಂಟ್, ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್. ‘ಗುಡ್’ ಎಂಬುದು ಐದನೆಯ ಮೆಟ್ಟಿಲು ಎಂಬುದನ್ನು ಗಮನಿಸಬೇಕು. ಅಲ್ಲಲ್ಲಿ ತುಕ್ಕು ತಿಂದಿರಬಹುದು, ಸಣ್ಣಪುಟ್ಟ ಭಾಗ ಬೇರೆಯದಿರಬಹುದು, ಮರದ ಬಿರುಕಿಗೆ ತೇಪೆ ಬಿದ್ದಿರಬಹುದು, ಆದರೂ ಅದು ಗುಡ್. ನಮ್ಮಲ್ಲಿ ವಧೂವರರ ಜಾಹೀರಾತಿನಲ್ಲಿ ‘ಒಳ್ಳೆಯ ಮನೆತನ’ ಎಂಬುದಕ್ಕೆ ಸರಿಸುಮಾರು ಇದೇ ಅರ್ಥ. ಇನ್ನು ಏಳನೆಯ ‘ಪೂರ್’ ಎಂದರೆ ರಿವಾಲ್ವರಿನ ಆಕಾರದ ತುಕ್ಕು.

ನಾಗಗಳ ವಿಚಾರವನ್ನು ಬೇಗ ಮುಗಿಸುತ್ತೇನೆ, ಅಳಿಯನ ಜೇಬು ಅಲ್ಲಿಯವರೆಗೆ ಹೋಗುವುದಿಲ್ಲ. ಎದುರಾಳಿ ಕಂಪನಿ ಕೋಲ್ಟಿನವರು ತಮ್ಮ ರಿವಾಲ್ವರುಗಳಿಗೆ ಹಾವಿನ ಹೆಸರಿಟ್ಟರು: 1950ರಲ್ಲಿ ಕೋಬ್ರಾ, 1955ರಲ್ಲಿ ಪೈಥಾನ್, 1966ರಲ್ಲಿ ಡೈಮಂಡ್‌ಬ್ಯಾಕ್, 1990ರಲ್ಲಿ ಅನಕೊಂಡ. 125 ಡಾಲರಿಗೆ ಹುಟ್ಟಿದ ಪೈಥಾನು ಇಂದು ಸಾವಿರಗಳಲ್ಲಿ ಹೆಡೆಯಾಡಿಸುತ್ತದೆ. 1985ರ ಬೋವಾ ಮಾಡಿದ್ದೇ 1,200, ಅದರ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ಹಿಡಿದವನ ಕಡೆಯಿಂದ ನೋಡಿದರೆ ಕೋಲ್ಟಿನ ಸಿಲಿಂಡರು ಪ್ರದಕ್ಷಿಣೆ ಬರುತ್ತದೆ, ಸ್ಮಿತ್ ಅಂಡ್ ವೆಸನ್ನಿನದು ಅಪ್ರದಕ್ಷಿಣೆ. ಬೆಲೆಯ ವ್ಯತ್ಯಾಸಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕುವ ಅಗತ್ಯ ನನಗಂತೂ ಕಾಣಲಿಲ್ಲ.

ಈಗ ಶಬ್ದಪ್ರಮಾಣ, ಅಂದರೆ ಮಾತು. ಸಂಗ್ರಹಕಾರರ ವೇದವಾಕ್ಯ ಒಂದಿದೆ: ಗನ್ನು ಕೊಳ್ಳು, ಕಥೆ ಕೊಳ್ಳಬೇಡ. ಫ್ಲಾಸ್ಕಿನವನು ಕಥೆ ಶುರುಮಾಡಿದ. ತಾತ ಒಂದು ಸಣ್ಣ ಊರಿನ ಷೆರಿಫ್, ಬ್ಯಾಂಕು ದರೋಡೆ, ಒಂದೇ ಗುಂಡು. 19-3 ಎಂಬ ಪಾಠ 1967ಕ್ಕಿಂತ ಹಿಂದೆ ಹೋಗುವುದಿಲ್ಲವಾದ್ದರಿಂದ, ತಾತನಿಗೆ ಆಗ ಕಡಿಮೆಯೆಂದರೂ ಎಪ್ಪತ್ತರ ಆಸುಪಾಸು ಎಂದು ನಾನು ಕೈಬೆರಳಲ್ಲಿ ಎಣಿಸಿ ಅಳಿಯನ ಕಿವಿಯಲ್ಲಿ ಹೇಳಿದೆ. ಅವನು ಇದನ್ನು ಮರ್ಯಾದೆಯ ಇಂಗ್ಲಿಷಿಗೆ ತಿರುಗಿಸಿ ಕೇಳಿದ. ಮುದುಕ ಕಣ್ಣು ಮಿಟುಕಿಸದೆ, ತಾತ ಅಂದದ್ದು ತನ್ನ ಮೊಮ್ಮಕ್ಕಳ ಕಡೆಯಿಂದ, ಅಂದರೆ ತಾನೇ ಎಂದ. ಇಂಥ ಅನ್ವಯಕ್ಕೆ ನಮ್ಮಲ್ಲಿ ಪಿಎಚ್.ಡಿ. ಕೊಟ್ಟಿದ್ದೇವೆ.

ಕಥೆಯನ್ನು ಬಿಟ್ಟು ಆಪ್ತವಾಕ್ಯ ಬೇಕೆಂದರೆ ಕಾರ್ಖಾನೆಯ ಪತ್ರ ತರಿಸಬೇಕು. ನಂಬರು ಕಳಿಸಿದರೆ ಕಂಪನಿಯ ಹಳೆಯ ಕಡತ ನೋಡಿ, ಇದು ಇಂಥ ದಿನ, ಇಂಥ ಬಣ್ಣದಲ್ಲಿ, ಇಷ್ಟುದ್ದದ ನಳಿಗೆಯೊಂದಿಗೆ, ಇಂಥ ಅಂಗಡಿಗೆ ಹೋಯಿತು ಎಂದು ಬರೆದುಕೊಡುತ್ತಾರೆ. ಜಾತಕವೇ. ಜಾತಕದ ಹಾಗೆಯೇ ಇದರಲ್ಲೂ ಬಹುತೇಕ ಸಪ್ಪೆ ಸುದ್ದಿ ಇರುತ್ತದೆ. ಷೆರಿಫನ ಹೆಸರು ಬರಲೆಂದು ಹರಕೆ ಹೊತ್ತವನಿಗೆ ಬರುವುದು ಒಂದು ಹಾರ್ಡ್‌ವೇರ್ ಅಂಗಡಿಯ ವಿಳಾಸ.

ಆದರೆ ಕಥೆಗೆ ಬೆಲೆಯಿಲ್ಲ ಎಂದವರ ಬಾಯಿ ಮುಚ್ಚಿಸುವ ಮೂರು ದೃಷ್ಟಾಂತಗಳಿವೆ, ಮೂರೂ ಹರಾಜಿನ ದಾಖಲೆಯವು. 1873ರ ಜುಲೈ 10ರಂದು ಬ್ರಸೆಲ್ಸ್‌ನಲ್ಲಿ ಕವಿ ಪಾಲ್ ವರ್ಲೇನ್ 23 ಫ್ರಾಂಕು ಕೊಟ್ಟು ಒಂದು ಲೆಫೊಷೊ ರಿವಾಲ್ವರು ಕೊಂಡು, ಅದೇ ದಿನ ಕವಿ ರ‍್ಯಾಂಬೋನ ಮೇಲೆ ಎರಡು ಸಲ ಹಾರಿಸಿದ. ಒಂದು ಮಣಿಕಟ್ಟಿಗೆ ತಾಗಿತು, ಇನ್ನೊಂದು ತಪ್ಪಿತು. 2016ರಲ್ಲಿ ಪ್ಯಾರಿಸ್ಸಿನಲ್ಲಿ ಅದು 4,34,500 ಯೂರೋಗೆ ಹೋಯಿತು. ನಮ್ಮ ಕವಿಗಳೂ ಪರಸ್ಪರ ಸಾಕಷ್ಟು ಗಾಯ ಮಾಡಿಕೊಂಡಿದ್ದಾರೆ. ಆದರೆ ಪತ್ರಿಕೆಯ ಅಂಕಣಗಳಲ್ಲಿ ಮಾಡಿಕೊಂಡದ್ದರಿಂದ ಹರಾಜಿಗೆ ಇಡಲು ಏನೂ ಉಳಿದಿಲ್ಲ. ಎರಡನೆಯದು ಚಿತ್ರಕಾರ ವಾನ್ ಗೋ ತನ್ನ ಮೇಲೆ ಹಾರಿಸಿಕೊಂಡದ್ದೆಂದು ನಂಬಲಾದ ರಿವಾಲ್ವರು. 1965ರಲ್ಲಿ ಓವೆರ್ ಊರಿನ ಹೊಲದಲ್ಲಿ ರೈತನೊಬ್ಬನಿಗೆ ಸಿಕ್ಕಿತು. ಅದು ‘ಪೂರ್’ ದರ್ಜೆಗೂ ಏದುಸಿರು ಬಿಡುತ್ತ ಹತ್ತಬೇಕಾದ ತುಕ್ಕಿನ ಮುದ್ದೆ. 2019ರಲ್ಲಿ 1,62,500 ಯೂರೋ. ಬದುಕಿದ್ದಾಗ ಆತನ ‘ಕೆಂಪು ದ್ರಾಕ್ಷಿತೋಟ’ದ ಚಿತ್ರ ಮಾರಾಟವಾದದ್ದು 400 ಫ್ರಾಂಕಿಗೆ. ಮೂರನೆಯದು 1881ರ ಜುಲೈ 14ರಂದು ಷೆರಿಫ್ ಪ್ಯಾಟ್ ಗ್ಯಾರೆಟ್ ಕುಖ್ಯಾತ ಪಾತಕಿ ಬಿಲ್ಲಿ ದ ಕಿಡ್‌ನನ್ನು ಕೊಂದ ಕೋಲ್ಟ್, 2021ರಲ್ಲಿ 60 ಲಕ್ಷ ಡಾಲರು ದಾಟಿತು. ಅದು ಗ್ಯಾರೆಟ್ಟನದೂ ಅಲ್ಲ, ಬಿಲ್ಲಿಯ ಗುಂಪಿನವನೊಬ್ಬನಿಂದ ಕಸಿದದ್ದು.

ಇವುಗಳಿಂದ ಸಿದ್ಧವಾಗುವ ನಿಯಮವನ್ನು ನಾನು ಹೀಗೆ ಸೂತ್ರಿಸಿದ್ದೇನೆ: ರಿವಾಲ್ವರು ಕೆಲಸ ಮಾಡಿದರೆ ಬೆಲೆ ಇಳಿಯುತ್ತದೆ. ಆದರೆ ಹೆಸರಾಂತ ಮನುಷ್ಯನ ಮೇಲೆ ಒಮ್ಮೆ ಮಾಡಿದರೆ ತುಕ್ಕೂ ಬಂಗಾರವಾಗುತ್ತದೆ. ಇದನ್ನು ಓದಿ ತೋರಿಸಿದಾಗ ಮಗಳು, “ಅಪ್ಪಾ, ಇದನ್ನೆಲ್ಲ ಊರಿಗೆ ಹೋದ ಮೇಲೆ ಅಚ್ಚು ಹಾಕಿಸು” ಎಂದಳು.

ಕೊನೆಯ ರಂಧ್ರ ಅನುಪಲಬ್ಧಿ: ಇಲ್ಲದಿರುವುದನ್ನು, ಕಾಣದಿರುವುದರಿಂದ ತಿಳಿಯುವುದು. ‘ಅನ್‌ಫೈರ್ಡ್’ ಎಂದು ಚೀಟಿ ಕಟ್ಟಿದ ಮೇಜುಗಳನ್ನು ನೋಡುವವರೆಗೆ ನನಗೆ ಈ ಪ್ರಮಾಣದಲ್ಲಿ ನಂಬಿಕೆಯಿರಲಿಲ್ಲ. ಕಾರ್ಖಾನೆಯಿಂದ ಹೊರಬೀಳುವ ಮುನ್ನವೇ ಪ್ರತಿಯೊಂದನ್ನೂ ಹಾರಿಸಿ ಪರೀಕ್ಷಿಸಿರುತ್ತಾರೆ. ಹಾಗಾಗಿ ಒಮ್ಮೆಯೂ ಹಾರಿಸದ ರಿವಾಲ್ವರು ಎಂಬುದು ಮೊಲದ ಕೊಂಬು. ಅದರ ಅರ್ಥ ‘ಕಾರ್ಖಾನೆಯವರು ಬಿಟ್ಟು ಬೇರೆ ಯಾರೂ ಹಾರಿಸಿಲ್ಲ’, ಅದನ್ನು ಬಿಡಿಸಿದರೆ ‘ಹಾರಿಸಿದವನು ಚೆನ್ನಾಗಿ ಒರೆಸಿದ್ದಾನೆ’.

ಇಲ್ಲದಿರುವುದಕ್ಕೆ ಬೆಲೆ ಕಟ್ಟುವ ವಿದ್ಯೆ ಪರಾಕಾಷ್ಠೆ ಮುಟ್ಟುವುದು ಡಬ್ಬದಲ್ಲಿ. ಆ ಕಾಲದ ರಿವಾಲ್ವರು ನೀಲಿ ರಟ್ಟಿನ ಡಬ್ಬದಲ್ಲಿ ಬರುತ್ತಿತ್ತು. ಜೊತೆಗೆ ಒಂದು ಸ್ಕ್ರೂಡ್ರೈವರು, ನಳಿಗೆ ಉಜ್ಜುವ ಕಡ್ಡಿ, ಕಾಗದಪತ್ರ. ಡಬ್ಬದ ತಳದಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರೂ ರಿವಾಲ್ವರಿನ ಹಿಡಿಯ ತಳದ ನಂಬರೂ ಒಂದೇ ಆಗಿದ್ದರೆ ಬೆಲೆ ನೂರಾರು ಡಾಲರು ಜಿಗಿಯುತ್ತದೆ. ಸ್ಕ್ರೂಡ್ರೈವರು ಇರಬೇಕು, ಆದರೆ ಬಳಸಿರಬಾರದು. ಬಳಸಿದ್ದರೆ ಸ್ಕ್ರೂವಿನ ತಲೆ ಕಚ್ಚಾಗಿರುತ್ತದೆ, ಮೇಲೆ ಹೇಳಿದ ಅನುಮಾನಕ್ಕೆ ಸಿಕ್ಕಿಬೀಳುತ್ತೀರಿ. ಕಡ್ಡಿ ಇರಬೇಕು, ಮಸಿ ಇರಬಾರದು. ಮದುವೆಗೆ ಬಂದ ಸ್ಟೀಲ್ ಪಾತ್ರೆಗಳನ್ನು ಹೆಸರು ಕೊರೆಸಿ ಅಟ್ಟಕ್ಕೆ ಹಾಕಿ ನಲವತ್ತು ವರ್ಷ ಇಳಿಸದ ನನ್ನ ಹೆಂಡತಿಗೆ ಇದು ಕೂಡಲೇ ಅರ್ಥವಾಯಿತು. ಇಡೀ ಶಾಸ್ತ್ರದಲ್ಲಿ ಅವಳು ಒಪ್ಪಿದ ಭಾಗ ಇದೊಂದೇ.

ಆರೂ ಪ್ರಮಾಣ ಮುಗಿದ ಮೇಲೆ ಅಂಕಿ ಹೇಳಬೇಕಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೊರೆಹೋದೆ. ಅದರಲ್ಲಿ ಆಯುಧಾಗಾರದ ಅಧ್ಯಕ್ಷನಿಗೊಂದು ಅಧ್ಯಾಯವಿದೆ, ವರ್ತಕನ ಲಾಭಕ್ಕೂ ಮಿತಿಯಿದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ಹತ್ತು. ಮ್ಯಾಸಚೂಸೆಟ್ಸಿನಲ್ಲಿ ಮಾಡಿ ಟೆಕ್ಸಾಸಿನಲ್ಲಿ ಮಾರುವ ಸರಕು ಫ್ಲಾಸ್ಕಿನವನಿಗೆ ಸ್ವದೇಶಿ, ನನಗೆ ಪರದೇಶಿ, ಗ್ರೀನ್ ಕಾರ್ಡಿನ ಅಳಿಯನಿಗೆ ಎರಡೂ. ಸರಾಸರಿ ಏಳೂವರೆ ಎಂದಿಟ್ಟುಕೊಂಡೆ. ಆರನೆಯ ರಂಧ್ರದ ತಾಳತಪ್ಪಿಗೆ ಇಷ್ಟು, ಡಬ್ಬವಿಲ್ಲದ್ದಕ್ಕೆ ಇಷ್ಟು, ತಾತನ ವಯಸ್ಸಿಗೆ ಇಷ್ಟು ಎಂದು ಕಳೆಯುತ್ತ ಹೋದೆ. ಮಗಳು ಮಗುವಿರುವ ಮನೆಗೆ ಬೀಗದ ತಿಜೋರಿಯಿಲ್ಲದೆ ಅದು ಬರುವಂತಿಲ್ಲ ಎಂದಿದ್ದಳು. ತಿಜೋರಿಯ ಬೆಲೆ ರಿವಾಲ್ವರಿಗಿಂತ ಹೆಚ್ಚಾಗಿ ಲೆಕ್ಕ ಋಣಾತ್ಮಕಕ್ಕೆ ಇಳಿಯಿತು. ಮತ್ತೆ ಮೊದಲಿಂದ ಮಾಡಿದೆ. 875 ಬಂತು. ಅಪ್ಪನ ಹಾಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ನಾನು ತೆಗೆದುಕೊಂಡದ್ದು ಒಂದು ತಿಂಗಳು.

ಮುಂದಿನ ತಿಂಗಳ ಷೋಗೆ 875ರ ಚೀಟಿ ಜೇಬಿನಲ್ಲಿಟ್ಟುಕೊಂಡು ಹೋದೆವು. ಅದೇ ಮೇಜು, ಅದೇ ಫ್ಲಾಸ್ಕು. ರಿವಾಲ್ವರು ಇರಲಿಲ್ಲ. ಹೋದ ಸಲ ನಾವು ಕದಲಿದ ಹತ್ತು ನಿಮಿಷಕ್ಕೆ ಒಬ್ಬ ಬಂದನಂತೆ. ಪಟ್ಟಿ ಕತ್ತರಿಸಿ ಎಂದೂ ಕೇಳಲಿಲ್ಲ, ಸಿಲಿಂಡರೂ ತಿರುಗಿಸಲಿಲ್ಲ. ತನ್ನ ಅಪ್ಪ ಪೊಲೀಸಿನಲ್ಲಿದ್ದ, ಅವನ ಸೊಂಟದಲ್ಲಿ ಇಂಥದ್ದೇ ಇರುತ್ತಿತ್ತು ಎಂದನಂತೆ. ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡು ನಿಂತು ದುಡ್ಡು ಎಣಿಸಿದನಂತೆ.

“ಎಷ್ಟಕ್ಕೆ ಹೋಯಿತು?” ಎಂದು ಅಳಿಯ ಕೇಳಿದ.

“ಫೇರ್ ಪ್ರೈಸ್” ಎಂದ ಮುದುಕ, ಕಾಫಿ ಬಗ್ಗಿಸುತ್ತ.

ಮೇಜಿನ ಕೆಳಗಿನಿಂದ ಅವನೊಂದು ನೀಲಿ ರಟ್ಟಿನ ಡಬ್ಬ ತೆಗೆದ. ಖಾಲಿ. ತಳದ ಪೆನ್ಸಿಲ್ ನಂಬರು ಬೇರೆ ಯಾವುದೋ ರಿವಾಲ್ವರಿನದು, ಆದ್ದರಿಂದ ಕೊಂಡವನು ಬೇಡವೆಂದನಂತೆ. ಮೂಲೆಗಳು ಹರಿದಿಲ್ಲ, ಮುಚ್ಚಳ ಸರಿಯಿದೆ, ಸ್ಕ್ರೂಡ್ರೈವರಿಲ್ಲ. ಇದನ್ನು ನಾನು ಮುಟ್ಟಬಹುದೇ ಎಂದು ಅಳಿಯನ ಮುಖ ನೋಡಿದೆ, ಅವನು ತಲೆಯಾಡಿಸಿದ. ಎರಡೂ ಕೈಯಲ್ಲಿ ಹಿಡಿದು, ಆರೂ ಮಗ್ಗುಲು ತಿರುಗಿಸಿ, ತಳವನ್ನು ಬೆಳಕಿಗೆ ಹಿಡಿದು ಓದಿ, ‘ವೆರಿ ಗುಡ್’ ಎಂದು ತೀರ್ಪು ಕೊಟ್ಟೆ. ಎಂಬತ್ತು ಹೇಳಿದ್ದನ್ನು ಅರವತ್ತಕ್ಕೆ ಇಳಿಸಿದೆವು.

ನಾಲ್ಕಿಂಚಿನ ನಳಿಗೆಯ ರಿವಾಲ್ವರಿನ ಡಬ್ಬದಲ್ಲಿ ಊದುಬತ್ತಿ ಓರೆಯಾಗದೆ ಮಲಗುತ್ತದೆ ಎಂಬುದನ್ನು ನನ್ನ ಹೆಂಡತಿ ಅಂದು ಸಂಜೆಯೇ ಕಂಡುಹಿಡಿದಳು. ಈಗ ಅದು ದೇವರ ಗೂಡಿನ ಪಕ್ಕದಲ್ಲಿದೆ. ಒಳಗಿನ ಹಳೆಯ ಎಣ್ಣೆಕಾಗದದ ವಾಸನೆ ಹೋಗಿ ಮೈಸೂರು ಮಲ್ಲಿಗೆ ಹತ್ತಿದೆ. ಇದರಿಂದ ಮೂಲಸ್ಥಿತಿ ನೂರಕ್ಕೆ ಎಷ್ಟು ಇಳಿಯಿತು ಎಂಬುದನ್ನು ಬ್ಲೂ ಬುಕ್ಕಿನಲ್ಲಿ ಹುಡುಕುತ್ತಿದ್ದೇನೆ. ವೀಸಾ ಇನ್ನೂ ಏಳು ವಾರ ಇದೆ.